ಜಗಳಕ್ಕೆ ಬೇಕಾದ ಉಸಿರು

ನವೆಂಬರ್ 18, 2024

ಇವತ್ತು ಹತ್ತಿ ಹಿಂಜುವ ಮಷಿನ್ನಿಗೆ ಗೋಣಿತಾಟು ಹೊದಿಸಿದರು. ಹೊದಿಸಿದ್ದು ನನ್ನ ಮೈದುನ ಸೈಫುಲ್ಲಾ. ಆ ಕಡೆಯ ತುದಿ ಹಿಡಿದದ್ದು ಅವನ ಹೆಂಡತಿ, ನನ್ನ ವಾರಗಿತ್ತಿ ಗೌಸಿಯಾ. ಹಿಡಿಯುವಾಗ ಅವಳ ಮುಖದಲ್ಲಿ ಒಂದು ಚೂರೂ ಬೇಸರ ಇರಲಿಲ್ಲ. ಅಡಿಕೆ ತೋಟದ ಊರು ಕೆರೆಬಿಳಚಿಯಿಂದ ಮದುವೆಯಾಗಿ ಬಂದ ದಿನದಿಂದಲೂ ಆಕೆಗೆ ನಮ್ಮ ಹತ್ತಿ ಕಂಡರೆ ಆಗದು. ತಲೆಗೆ ಹತ್ತಿ ಅಂಟುತ್ತದಂತೆ, ಸಾರಿಗೆ ಬೀಳುತ್ತದಂತೆ. ನಾವು ಪಿಂಜಾರರು ತಾಯೀ, ನಮ್ಮ ಸಾರಿನಲ್ಲಿ ಹತ್ತಿ ಬೀಳದೆ ಅಡಿಕೆ ಬೀಳುತ್ತದೆಯೇ?

ಎಲ್ಲ ನಮ್ಮೂರಿನ ಆ ಡಾಕ್ಟರಿಂದ ಆದದ್ದು. ಎರಡು ವರ್ಷದ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಎಂದು ತೋರಿಸಲು ಹೋದರೆ, ಆತ ಕೇಳಿದ್ದು ಒಂದೇ ಪ್ರಶ್ನೆ. "ಏನು ಕೆಲಸ ಮಾಡ್ತೀರಿ?" ಹತ್ತಿ ಹಿಂಜಿ ಹಾಸಿಗೆ ಹೊಲಿತೀವಿ ಅಂದೆ. ಅಷ್ಟು ಸಾಕಾಯಿತು. ಪೆನ್ನು ತಾನಾಗಿ ಓಡಿತು. ತನ್ನ ಅಪ್ಪ, ಅಂದರೆ ನಮ್ಮ ಮಾವನವರೂ, ಕೆಮ್ಮಿ ಕೆಮ್ಮಿಯೇ ಹೋದರು ಎಂದು ಸೈಫುಲ್ಲಾ ಪಕ್ಕದಿಂದ ಒಗ್ಗರಣೆ ಹಾಕಿದ. ಹತ್ತಿ ದೂಳು ಬಿಟ್ಟರೆ ಬದುಕುತ್ತೀರಿ, ಇಲ್ಲದಿದ್ದರೆ ಇಲ್ಲ ಅಂತ ತೀರ್ಪು ಆಯಿತು.

ನಮ್ಮವರು ಅಮೀರ್‌ಜಾನ್ ಹಾರ್ಟಿನಲ್ಲಿ ಹೋದ ಮೇಲೆ ಆರು ವರ್ಷ ಈ ಮಷಿನ್ ನಡೆಸಿದ್ದು ನಾನು. ಚನ್ನಗಿರಿಯಲ್ಲಿ ಖಮರುನ್ನೀಸಾ ಅಂದರೆ ಯಾರಿಗೂ ಗೊತ್ತಾಗದು, ಹಾಸಿಗೆ ಖಮರಮ್ಮ ಅಂದರೆ ಮನೆಗೆ ಕರೆತಂದು ಬಿಡುತ್ತಾರೆ. ನಾಳೆಯಿಂದ ಬರೀ ಖಮರಮ್ಮ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಬೈಯಲು ಉಸಿರು ಸಾಲುತ್ತಿಲ್ಲ. ದಿನಕ್ಕೊಂದು ಜಗಳ ಆಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಈಗ ಎರಡನೇ ಮಾತಿಗೇ ಕೆಮ್ಮು ಬರುತ್ತದೆ. ಬೈಗುಳ ಅರ್ಧಕ್ಕೆ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಉಳಿದರ್ಧ ಮಗಳು ಮದೀಹಾ ಬಿಟ್ಟುಹೋದ ಈ ಕಾಲೇಜ್ ನೋಟ್‌ಬುಕ್ಕಿಗೆ ಹಾಕುತ್ತೇನೆ. ಮದೀಹಾ ಜಗಳೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳೂ ಫೋನಿನಲ್ಲಿ "ಅಮ್ಮಾ, ಹತ್ತಿ ಬಿಡು" ಅನ್ನುತ್ತಾಳೆ.

ಡಿಸೆಂಬರ್ 2

ಅಂಗಡಿಗೆ ಫೋಮ್ ಹಾಸಿಗೆ ಬಂದವು. ಸೈಫುಲ್ಲಾ ಏಜೆನ್ಸಿ ತೆಗೆದುಕೊಂಡಿದ್ದಾನೆ. ಹತ್ತಿ ಹಾಸಿಗೆ ಹಳೆಯದಾದರೆ ಬಿಚ್ಚಿ, ಹಿಂಜಿ, ಮತ್ತೆ ತುಂಬಿದರೆ ಹೊಸದು. ಇದನ್ನು ಬಿಚ್ಚಿದರೆ ಒಳಗೆ ಇಡ್ಲಿಯ ಹಾಗೆ ಒಂದೇ ಮುದ್ದೆ. ಅದರ ಮೇಲೆ ಕೂತರೆ ಒಂದು ಥರ ವಾಸನೆ. ಈ ವಾಸನೆಗೆ ಎದೆ ಕೆಡುವುದಿಲ್ಲವೇನೋ ಎಂದು ಗೌಸಿಯಾಳನ್ನು ಕೇಳಿದೆ. ಪೊರಕೆ ತೆಗೆದುಕೊಂಡು ಒಳಗೆ ಹೋದಳು.

ಮೊದಲು ನನ್ನ ಒಂದು ಮಾತಿಗೆ ಅವಳದು ನಾಲ್ಕು. ನಮ್ಮ ಜಗಳಕ್ಕೆ ಎದುರುಮನೆಯ ಕರಿಯಕ್ಕ ಒಲೆ ಮೇಲಿನ ಹಾಲು ಬಿಟ್ಟು ಬಂದು ನಿಲ್ಲುತ್ತಿದ್ದಳು. ಈಗ ತುಟಿ ಬಿಚ್ಚುವುದಿಲ್ಲ. ಅಂಗಡಿ ಕೈಗೆ ಬಂದಾಯಿತು, ಇನ್ನು ಮಾತು ಯಾಕೆ ಬೇಕು ಆಕೆಗೆ? ಗೆದ್ದವರು ಸುಮ್ಮನಿರುತ್ತಾರೆ.

ಡಿಸೆಂಬರ್ 19

ಹೊನ್ನಾಳಿಯಿಂದ ಅತ್ತೆಯ ಕಾಲದ ಗಿರಾಕಿ ಕಸ್ತೂರಮ್ಮ ಬಂದಿದ್ದರು. ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರಂತೆ, ಜೋಡಿ ಹಾಸಿಗೆ, ನಾಲ್ಕು ದಿಂಬು ಬೇಕಂತೆ, ಹತ್ತಿಯದೇ ಬೇಕಂತೆ. ಸೈಫುಲ್ಲಾ ಫೋಮ್ ತೋರಿಸಿದ. ಆಯಮ್ಮ ಬೆರಳಿನಿಂದ ಒತ್ತಿ ನೋಡಿ, "ಇದು ನನ್ ಮಾತು ಕೇಳಾಂಗಿಲ್ಲಪ್ಪ" ಅಂದರು. ನನ್ನ ಕಡೆ ತಿರುಗಿ, "ಖಮರಮ್ಮ, ನಿಮ್ಮತ್ತೆ ಹೊಲಿದ ಹಾಸಿಗೆ ಮೇಲೆ ಇವತ್ತಿಗೂ ಮಲಗ್ತೀನಿ ಕಣ್ರೀ. ನೀವ್ಯಾಕೆ ಬಿಟ್ರಿ?" ಎಂದು ಕೇಳಿದರು.

ಹೇಳಬೇಕೆಂದು ಬಾಯಿ ತೆರೆದೆ, ಕೆಮ್ಮು ಹತ್ತಿತು. ಗೌಸಿಯಾ ನೀರು ತಂದು ಎದುರಿಗೆ ಕುಕ್ಕಿದಳು. ಕಸ್ತೂರಮ್ಮ ಹಾಗೇ ಬಸ್ಸಿಗೆ ಹೋದರು. ಹತ್ತಿ ಬಿಟ್ಟು ತಿಂಗಳಾಯಿತು, ಕೆಮ್ಮು ನನ್ನನ್ನು ಬಿಟ್ಟಿಲ್ಲ. ಈ ಮಾತು ಯಾರಿಗೂ ಹೊಳೆಯುವುದಿಲ್ಲ.

ಆಮೇಲೆ ಹಿತ್ತಲಿಗೆ ಓಡಬೇಕಾಯಿತು. ಹೊಟ್ಟೆಯದು ಬೇರೆ ಕಥೆ, ಅದು ಉಷ್ಣ. ಕೆಮ್ಮಿಗಿಂತ ಹಳೆಯದು. ತಿಂದರೆ ಮುರಿಯುತ್ತದೆ, ಓಡಿದರೆ ಕೆಂಪು ಹೋಗುತ್ತದೆ. ನಮ್ಮಮ್ಮನಿಗೂ ಮೂಲವ್ಯಾಧಿ ಇತ್ತು. ಕಾಮಕಸ್ತೂರಿ ಬೀಜ ನೆನೆಸಿ ಕುಡಿಯುತ್ತೇನೆ, ಮಜ್ಜಿಗೆ ಕುಡಿಯುತ್ತೇನೆ. ಸೀರೆಗೆ ಆಗಬಾರದೆಂದು ಹಿಂಜಿದ ಹತ್ತಿಯ ಒಂದು ಗಂಟು ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರೆ ಒಂದು ಹೊತ್ತಿನ ಮಟ್ಟಿಗೆ ಮಾನ ಉಳಿಯುತ್ತದೆ. ಎದೆಯ ಕಾಯಿಲೆ ಮರ್ಯಾದೆಯ ಕಾಯಿಲೆ, ನಾಲ್ಕು ಜನರ ಮುಂದೆ ಕೂತು ಕೆಮ್ಮಬಹುದು. ಇದನ್ನು ಮೈದುನನ ಮುಂದೆ ಹೇಗೆ ಹೇಳುವುದು?

ಫೆಬ್ರವರಿ 13, 2025

ನ್ಯಾಮತಿಯಲ್ಲಿ ನಮ್ಮವರ ಚಿಕ್ಕಪ್ಪನ ಮೊಮ್ಮಗನ ಮದುವೆ. ಹೊರಡುವ ಹಿಂದಿನ ದಿನದಿಂದಲೇ ಉಪವಾಸ ಬಿದ್ದೆ. ಬಸ್ಸೆಂದರೆ ನನಗೆ ಈಗ ಬೇರೆಯದೇ ಲೆಕ್ಕ. ಯಾವ ಊರಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಹೋಟೆಲಿನ ಹಿಂದೆ ಜಾಗ ಇದೆ, ಎಲ್ಲಿಯ ಬಾಗಿಲಿಗೆ ಚಿಲಕ ಇದೆ, ಎಲ್ಲ ಬಾಯಿಪಾಠ. ಬಸ್ಸಿನ ತುಂಬ ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗುವ ಜನ. ಮಾಲೆ ಹಾಕಿದವರೊಬ್ಬರು ನನ್ನ ಏದುಸಿರು ನೋಡಿ ಎದ್ದು ಬಾಗಿಲ ಹತ್ತಿರ ಜಾಗ ಕೊಟ್ಟರು. ಎದೆಗೆ ಗಾಳಿ ಬೇಕು ಅಂದುಕೊಂಡರು ಪಾಪ. ನನಗೆ ಬೇಕಾಗಿದ್ದದ್ದು ಬಾಗಿಲು.

ಮದುವೆಯಲ್ಲಿ ಬಿರಿಯಾನಿ ಮುಟ್ಟಲಿಲ್ಲ. "ನಮ್ಮನೆ ಊಟ ಸೇರಲ್ವಾ ಹಾಸಿಗೆ ಅಂಗಡಿಯವರಿಗೆ?" ಎಂದು ಹುಡುಗನ ತಾಯಿ ಕೊಂಕು ತೆಗೆದಳು. ನಾಲ್ಕು ಮಾತು ಅನ್ನಬೇಕೆಂದರೆ ಎರಡಕ್ಕೇ ಉಸಿರು ಕಟ್ಟಿತು. ಗೌಸಿಯಾ ಆಚೆಯಿಂದ ನೋಡುತ್ತಿದ್ದಳು. ನನ್ನ ತಟ್ಟೆಯನ್ನೂ ನೋಡಿದಳು, ಸಡಿಲವಾದ ನನ್ನ ರವಿಕೆಯನ್ನೂ ನೋಡಿದಳು. ನಾನು ಒಣಗಿದ್ದು ನೋಡಿ ಅವಳಿಗೆ ಖುಷಿಯಾಗಿರಬೇಕು.

ಫೆಬ್ರವರಿ 24

ದಾವಣಗೆರೆಗೆ ಎದೆಯ ಡಾಕ್ಟರ ಹತ್ತಿರ. ಚೈತ್ರಾ ಅಂತ ಹೆಸರು, ನಮ್ಮ ಮದೀಹಾಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಸ್ಕ್ಯಾನ್ ಮಾಡಿಸಿ, ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶದ ಕೆಳಗೆ ಬಿಳಿ ಬಿಳಿ ಗೆರೆ, ಹಳೇ ಕೌದಿಯ ಹೊಲಿಗೆಯ ಹಾಗೆ. ಅದು ಗಾಯ ಮಾಯ್ದು ಉಳಿದ ಕಲೆಯಂತೆ. ಕಲೆಯಾದ ಜಾಗ ಹಿಗ್ಗುವುದಿಲ್ಲವಂತೆ, ಗಾಳಿ ಹಿಡಿಯುವುದಿಲ್ಲವಂತೆ.

"ಹತ್ತಿ ಬಿಟ್ಟು ಎಷ್ಟು ದಿನ ಆತು?"

"ಮೂರು ತಿಂಗಳಾತು ಡಾಕ್ಟ್ರೇ" ಎಂದು ಉತ್ತರಿಸಿದ್ದು ಸೈಫುಲ್ಲಾ. ನನ್ನ ಕಾಯಿಲೆಗೆ ಅವನೇ ಯಜಮಾನ.

"ಬಿಟ್ಟ ಮೇಲೂ ಜಾಸ್ತಿ ಆಗೈತಲ್ಲ" ಎಂದು ಆಕೆ ಹುಬ್ಬು ಗಂಟಿಕ್ಕಿದರು. ಆಮೇಲೆ ಒಂದೊಂದೇ ಕೇಳುತ್ತ ಹೋದರು. ಕೀಲು ನೋವು? ಬಾಯಿ ಹುಣ್ಣು? ಮನೆಯಲ್ಲಿ ಪಾರಿವಾಳದ ದೂಳು? ಕಡೆಗೆ, "ಹೊಟ್ಟೆ ಹೆಂಗೈತಮ್ಮ? ಭೇದಿ, ರಕ್ತ, ಅಂಥದ್ದು ಏನಾದ್ರೂ?"

ಸೈಫುಲ್ಲಾ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಹೊಟ್ಟೆ ಚೆನ್ನಾಗಿದೆ ಅಂದೆ. ಎದೆ ಕೆಟ್ಟವಳ ಹೊಟ್ಟೆ ಯಾಕೆ ಕೇಳುತ್ತಾರೋ. ನಾಳೆ ಬಸ್ಸಿನ ಟೈಮೂ ಕೇಳುತ್ತಾರೆ.

ಮಾರ್ಚ್ 9

ರೋಜಾ ಹಿಡಿದಿದ್ದೇನೆ. ಕಾಯಿಲೆಯವರಿಗೆ ಮಾಫಿ ಇದೆ ಎಂದು ಮನೆಯವರೆಲ್ಲ ಹೇಳಿದರು, ನಾನು ಕೇಳಲಿಲ್ಲ. ಹಗಲೆಲ್ಲ ಹೊಟ್ಟೆ ಖಾಲಿ ಇದ್ದರೆ ಹಿತ್ತಲಿಗೆ ಓಡುವುದು ಅರ್ಧಕ್ಕರ್ಧ ಕಡಿಮೆ. ವರ್ಷಪೂರ್ತಿ ರಂಜಾನ್ ಇರಬಾರದೇ ಅನ್ನಿಸುತ್ತದೆ. ಖಮರಮ್ಮ ಎಷ್ಟು ದೈವಭಕ್ತೆ ಎಂದು ಓಣಿಯವರು ಮಾತಾಡುತ್ತಾರಂತೆ. ದೇವರಿಗೆ ನಿಜ ಗೊತ್ತಿದೆ, ಆತ ಯಾರಿಗೂ ಹೇಳುವುದಿಲ್ಲ.

ಇಫ್ತಾರಿಗೆ ಗೌಸಿಯಾ ಗಂಜಿ ಮಾಡುತ್ತಾಳೆ. ಖಾರ ಇಲ್ಲ, ಎಣ್ಣೆ ಇಲ್ಲ, ಸಪ್ಪೆ. ಉಳಿದವರಿಗೆಲ್ಲ ಮಿರ್ಚಿ, ಸಮೋಸ. ನನಗೆ ಮಾತ್ರ ಯಾಕೆ ಬಾಣಂತಿ ಊಟ ಎಂದು ಕೇಳಿದರೆ ಮಾತಿಲ್ಲ, ಬಟ್ಟಲು ಇಟ್ಟು ಹೋಗುತ್ತಾಳೆ. ನನ್ನ ಮೇಲಿನ ಹಟವನ್ನು ಅಡುಗೆಯಲ್ಲಿ ತೀರಿಸಿಕೊಳ್ಳುತ್ತಿದ್ದಾಳೆ. ಹೊಟ್ಟೆಗೆ ಹಿಡಿಸಿತು ಅನ್ನುವುದು ಬೇರೆ ಮಾತು.

ಏಪ್ರಿಲ್ 8

ಇವತ್ತು ಸಿಕ್ಕಿಬಿದ್ದೆ.

ಗೌಸಿಯಾ ನನ್ನ ಕೋಣೆ ಗುಡಿಸಲು ಬಂದವಳು ಮಂಚದ ಕೆಳಗಿನ ಗಂಟು ಎಳೆದಳು. ಹಬ್ಬಕ್ಕೆ ಮುಂಚೆ ದಪ್ಪಗಿದ್ದ ಗಂಟು ಈಗ ಹಿಡಿಯಷ್ಟು. ಅದನ್ನು ಎತ್ತಿಕೊಂಡು ನೇರ ಅಂಗಡಿಗೆ ಹೋಗಿ ಗಂಡನ ಮುಂದೆ ಹಾಕಿದಳು. "ಅಕ್ಕ ಕದ್ದು ಹತ್ತಿ ಹಿಂಜ್ತಾಳ್ರಿ. ನಾವು ಮನ್ಯಾಗಿಲ್ದಾಗ ದಿಂಬು ಹೊಲಿತಾಳೆ. ಅದಕ್ಕೇ ಎದೆ ವಾಸಿ ಆಗ್ತಿಲ್ಲ."

ಐದು ತಿಂಗಳ ಮೇಲೆ ಬಾಯಿ ಬಿಟ್ಟಳು ಮಹಾತಾಯಿ, ಅದೂ ಚಾಡಿಗೆ.

ಸೈಫುಲ್ಲಾ ನನ್ನ ಮುಂದೆ ಬಂದು ನಿಂತ. "ಭಾಬಿ, ಹೌದೇನ್ರಿ?"

ಹೌದು ಅಂದೆ. ಮತ್ತೇನು ಹೇಳಲಿ? ಆ ಹತ್ತಿ ಎಲ್ಲಿ ಹೋಯಿತು ಎಂದು ಮೈದುನನಿಗೆ ವಿವರಿಸಲೇ? "ಹಿಂಜಿದೆ, ಹೊಲಿದೆ, ಮಾರಿದೆ. ಏನಿವಾಗ?" ಎನ್ನುವಷ್ಟರಲ್ಲಿ ಕೆಮ್ಮು ಬಂತು. ಅವನು ಕೈ ಮುಗಿದ, ಕೋಪದಿಂದ ಅಲ್ಲ. ಅವನ ಕಣ್ಣಲ್ಲಿ ನೀರಿತ್ತು. "ಅಪ್ಪನ್ನ ಹಿಂಗೇ ಕಳ್ಕಂಡ್ವಿ. ಮಷಿನ್ ಮನ್ಯಾಗಿದ್ರೆ ನೀವು ಬಿಡಲ್ಲ. ಅದನ್ನ ಕಳಿಸ್ತೀನಿ" ಅಂದ.

ಏಪ್ರಿಲ್ 10

ಮಷಿನ್ ಜಗಳೂರಿನ ಯಾರಿಗೋ ಕೊಡುತ್ತಾನಂತೆ. ಮುಂದಿನ ತಿಂಗಳು ಬಂದು ಒಯ್ಯುತ್ತಾರಂತೆ. ನನ್ನ ಬಾಯಿಂದಲೇ ನನ್ನ ಮಷಿನ್ ಹೋಯಿತು.

ಏಪ್ರಿಲ್ 13

ಬಳಸಿದ ಹತ್ತಿಯನ್ನು ಬಚ್ಚಲ ಒಲೆಗೆ ಹಾಕುತ್ತೇನೆ, ಎಲ್ಲರೂ ಏಳುವ ಮುಂಚೆ. ಇವತ್ತು ಕಟ್ಟಿಗೆ ಹಸಿ, ಒಲೆ ಹತ್ತಲಿಲ್ಲ. ಊದಲು ನನ್ನಲ್ಲಿ ಉಸಿರೆಲ್ಲಿದೆ? ಗೋಡೆಗೆ ಒರಗಿ ಕೂತಿದ್ದೆ. ಗೌಸಿಯಾ ಬಂದಳು. ಊದುಕೊಳವೆ ಕಿತ್ತುಕೊಂಡು ಒಲೆಯ ಬಾಯಿಗೆ ಬಗ್ಗಿದವಳು ಹಾಗೇ ನಿಂತಳು. ಕಡ್ಡಿಯಿಂದ ಕೆದಕಿ ನೋಡಿದಳು. ನನ್ನನ್ನು ನೋಡಿದಳು.

"ಯಾವತ್ತಿಂದ?"

"ನಿನಗ್ಯಾಕೆ?" ಅಂದೆ.

"ಹಿಂಜಿಲ್ಲ ನೀನು."

"ಹಿಂಜೀನಿ. ನಿನ್ ಗಂಡನ ಮುಂದೆ ಒಪ್ಕಂಡೀನಲ್ಲ. ಹೊರಗೆ ಬಾಯಿಬಿಟ್ರೆ ನೋಡು, ನಿನ್ ಕೈ ನೀರು ಮುಟ್ಟಲ್ಲ ನಾನು."

ಅವಳು ಒಲೆ ಊದಿದಳು. ಎಲ್ಲ ಉರಿದು ಬೂದಿ ಆಗುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದು ಎದ್ದು ಹೋದಳು. ಇವತ್ತು ಸಂಜೆಯೊಳಗೆ ಕರಿಯಕ್ಕನ ಕಿವಿಗೆ, ನಾಳೆ ಇಡೀ ಓಣಿಗೆ ಗೊತ್ತಾಗುತ್ತದೆ. ಮುಖ ಎತ್ತಿ ತಿರುಗುವ ಹಾಗಿಲ್ಲ.

ಏಪ್ರಿಲ್ 17

ಯಾರಿಗೂ ಗೊತ್ತಿಲ್ಲ. ಕರಿಯಕ್ಕ ಬಂದು ಕೂತು ಮಳೆ, ಮಾವಿನಕಾಯಿ ಎಂದು ಮಾತಾಡಿ ಹೋದಳು. ಏನೋ ಸಂಚು ಇದೆ.

ಮಂಚದ ಕೆಳಗೆ ಹೊಸ ಗಂಟು ಬಂದಿದೆ. ಹತ್ತಿಯ ಜೊತೆ ಹಳೆಯ ಸೀರೆಯ ಮೆತ್ತನೆ ತುಂಡುಗಳು, ಒಗೆದು ಮಡಿಸಿದ್ದು. ಇಟ್ಟವರು ಯಾರು ಎಂದು ನಾನು ಕೇಳಲಿಲ್ಲ.

ಏಪ್ರಿಲ್ 21

ಈ ದಿನವನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ದಾವಣಗೆರೆಗೆ ಹೊರಡುವಾಗ ನಾನೂ ಬರ್ತೀನಿ ಎಂದು ಗೌಸಿಯಾ ಬಸ್ಸು ಹತ್ತಿ ಕೂತಳು. ಡಾಕ್ಟರ ಕೋಣೆಯಲ್ಲಿ ಗಂಡನಿಗೆ, "ರೀ, ನೀವು ಒಂದೀಟು ಹೊರಗೆ ನಿಂತ್ಕಳ್ರಿ" ಅಂದಳು. ನನಗೆ ಅರ್ಥವಾಯಿತು. ಅವನು ಎದ್ದರೆ ಇವಳು ಬಾಯಿ ಬಿಡುತ್ತಾಳೆ. "ಯಾಕೆ, ಇರಲಿ ಬಿಡು. ಅವನೇ ತಾನೆ ಎಲ್ಲ ನೋಡ್ಕಳಾದು" ಎಂದು ಅವನ ತೋಳು ಹಿಡಿದು ಕೂರಿಸಿದೆ. ಅವನಿದ್ದರೆ ಇವಳಿಗೆ ಧೈರ್ಯ ಬರುವುದಿಲ್ಲ ಎಂಬ ಲೆಕ್ಕ ನನ್ನದು.

ಗೌಸಿಯಾ ನನ್ನನ್ನು ನೋಡಿದಳು. "ಇರಲಿ ಅಂತ ನೀನೇ ಅಂದೆ ಅಕ್ಕ. ಆಮೇಲೆ ನನ್ನ ಅನ್ನಬ್ಯಾಡ."

ಡಾಕ್ಟರ ಕಡೆ ತಿರುಗಿ ಒಂದೇ ಸಮನೆ ಹೇಳಿದಳು. "ಆಕೆ ಸುಳ್ಳು ಹೇಳ್ತಾಳ್ರಿ. ಹತ್ತಿ ಹಿಂಜಿಲ್ಲ. ಹತ್ತಿ ಇಟ್ಕಂಡಿರಾದು ರಕ್ತಕ್ಕೆ. ಹೊಟ್ಟೆಯಿಂದ ರಕ್ತ ಹೋಗ್ತೈತೆ. ಉಂಡ ಕೂಡ್ಲೆ ಹಿತ್ತಲಿಗೆ ಓಡ್ತಾಳೆ, ಅದಕ್ಕೇ ಉಣ್ಣಲ್ಲ. ಗಂಡಸ್ರ ಮುಂದೆ ಹೇಳಾಕೆ ನಾಚಿಕೆ ಆಕೆಗೆ. ಕಳ್ಳಿ ಅನ್ನಿಸ್ಕಂಡ್ಳು, ಮಷಿನ್ ಬಿಟ್ಕೊಟ್ಳು, ಇದೊಂದು ಮಾತು ಬಿಡ್ಲಿಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೈಫುಲ್ಲಾ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಮಾತಾಡಿದರು. ಕರುಳಿನಲ್ಲಿ ಹುಣ್ಣಾಗುವ ಒಂದು ಕಾಯಿಲೆ ಇದೆಯಂತೆ. "ನಮ್ಮ ಮೈ ಕಾಯಾಕೆ ಅಂತ ಒಳಗೆ ಒಂದು ಪಡೆ ಇರ್ತದಮ್ಮ. ಅದು ಹೊರಗಿನವ್ರನ್ನ ಬಿಟ್ಟು ಮನೆಯವ್ರ ಮೇಲೇ ಜಗಳಕ್ಕೆ ಬೀಳ್ತದೆ. ಮೊದ್ಲು ಕರುಳು. ಕೆಲವ್ರಲ್ಲಿ, ತೀರಾ ಅಪರೂಪಕ್ಕೆ, ಅದೇ ಜಗಳ ಶ್ವಾಸಕೋಶಕ್ಕೂ ಹೋಗ್ತದೆ. ಕರುಳು ನೋಡದೆ ನಾನು ಖಾತ್ರಿ ಹೇಳಲ್ಲ. ಆದ್ರೆ ನಿಮ್ಮ ಎದೆಗೂ ಹೊಟ್ಟೆಗೂ ಸಂಬಂಧ ಇರಬಹುದು. ಹೋದ ಸಲ ಕೇಳಿದ್ದು ಅದಕ್ಕೇ."

ಎದೆಯದು ಹತ್ತಿ, ಹೊಟ್ಟೆಯದು ಉಷ್ಣ ಅಂತ ನಾನು ಎರಡು ಕಡೆ ಇಟ್ಟಿದ್ದೆ. ಒಂದೇ ಇರಬಹುದಂತೆ. ನನ್ನ ಮೈಯೂ ನನ್ನ ಹಾಗೆಯೇ, ಮನೆಯವರ ಮೇಲೇ ಬೀಳುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬೇರೆ ಸೀಟು ಹಿಡಿದು ಕೂತೆ. ಗೌಸಿಯಾ ಜೊತೆ ಇನ್ನು ನನ್ನ ಮಾತು ಮುಗಿಯಿತು.

ಮೇ 2

ಕೆಳಗಿನಿಂದ ಪೈಪ್ ಹಾಕಿ ಕರುಳು ನೋಡಿದರು. ಅದರ ಬಗ್ಗೆ ಬರೆಯುವುದಿಲ್ಲ. ಹುಣ್ಣಿದೆ, ತುಂಬ ಇದೆ, ಮೂಲವ್ಯಾಧಿ ಅಲ್ಲ. ಹೊಟ್ಟೆಯ ಡಾಕ್ಟರೂ ಚೈತ್ರಾ ಡಾಕ್ಟರೂ ಕೂತು ಮಾತಾಡಿ ಮಾತ್ರೆ ಬರೆದರು. ಶ್ವಾಸಕೋಶದಲ್ಲಿ ಕಲೆಯಾದದ್ದು ಕಲೆಯೇ, ಅದು ಹೋಗುವುದಿಲ್ಲ. ಇನ್ನೂ ಉರಿಯುತ್ತಿರುವ ಜಾಗ ಇದೆ, ಅದು ಆರಬಹುದು, ಆರಿದರೆ ಒಂದಿಷ್ಟು ಉಸಿರು ವಾಪಸು ಬರಬಹುದು. ಎರಡು ವರ್ಷ ಮೊದಲೇ ಹೇಳಿದ್ದರೆ ಕಲೆ ಇಷ್ಟಾಗುತ್ತಿರಲಿಲ್ಲವೇ ಎಂದು ಕೇಳಿದೆ. ಡಾಕ್ಟರು ಮಾತ್ರೆಯ ಚೀಟಿ ಮಡಚಿ ನನ್ನ ಕೈಗಿಟ್ಟರು. ಅದೇ ಉತ್ತರ.

ಹತ್ತಿಯದು ತಪ್ಪಿಲ್ಲ ಅಲ್ಲವೇ ಎಂದೆ. "ಅದೇ ಮುಖ್ಯ ಕಾರಣ ಅಂತ ಅನ್ನಿಸಲ್ಲ. ಆದ್ರೆ ಕೆಟ್ಟ ಎದೆಗೆ ಯಾವ ದೂಳೂ ಒಳ್ಳೇದಲ್ಲ. ಹಿಂಜೋ ಕಡೆ ನೀವು ಹೋಗಬಾರದು" ಅಂದರು. ಕೇಸು ಗೆದ್ದೆ, ಹೊಲ ಸಿಗಲಿಲ್ಲ.

ಮನೆಗೆ ಬಂದರೆ ಬಾಗಿಲಲ್ಲಿ ಜಗಳೂರಿನವರ ಲಗೇಜ್ ಆಟೋ. ಮಷಿನ್ ಒಯ್ಯಲು ಬಂದಿದ್ದಾರೆ. ನಾನು ಕಟ್ಟೆ ಹತ್ತುವಷ್ಟರಲ್ಲಿ ಗೌಸಿಯಾ ಬಾಗಿಲಿಗೆ ಅಡ್ಡ ನಿಂತು, "ಕೊಡಂಗಿಲ್ಲ ಹೋಗ್ರಿ. ನಮ್ಮಕ್ಕನ್ದು ಅದು" ಅಂದುಬಿಟ್ಟಿದ್ದಳು. ಸೈಫುಲ್ಲಾ ತಲೆ ತಗ್ಗಿಸಿಕೊಂಡು ಅವರಿಗೆ ಚಾ ಕುಡಿಸಿ ಕಳಿಸಿದ. ನನ್ನ ಮಷಿನ್, ನನ್ನನ್ನು ಒಂದು ಮಾತು ಕೇಳಬೇಕೋ ಬೇಡವೋ? ಸೊಕ್ಕು.

ಮೇ 29

ಮಾತ್ರೆಗೆ ಮುಖ ಊದಿ ಪೂರಿಯಾಗಿದೆ. ಸಿಟ್ಟು ಮೊದಲಿಗಿಂತ ಜಾಸ್ತಿ. ಮಾತ್ರೆಯಿಂದಲೂ ಸಿಟ್ಟು ಬರುತ್ತದಂತೆ. ಮನೆಯವರಿಗೆ ವ್ಯತ್ಯಾಸ ಗೊತ್ತಾಗಿಲ್ಲ.

ರಕ್ತ ನಿಂತಿದೆ. ನಿನ್ನೆ ಮಿರ್ಚಿ ತಿಂದೆ. ಗೌಸಿಯಾ ನೋಡಿ ತಟ್ಟೆ ಕಿತ್ತುಕೊಂಡಳು, ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಆಣೆ ಮಾಡಿದ್ದೇನೆ.

ಜುಲೈ 17

ಹೊನ್ನಾಳಿ ಕಸ್ತೂರಮ್ಮ ಮತ್ತೆ ಬಂದರು. ಮೊಮ್ಮಗಳ ಮದುವೆ ಗೊತ್ತಾಗಿದೆ, ಶ್ರಾವಣದಲ್ಲಿ. ಜೋಡಿ ಹಾಸಿಗೆ, ನಾಲ್ಕು ದಿಂಬು, ಹತ್ತಿಯದೇ. ಸೈಫುಲ್ಲಾ ನನ್ನ ಕಡೆ ನೋಡಿದ, ನಾನು ಬೀದಿ ಕಡೆ ನೋಡಿದೆ. "ಹೊಲಿದು ಕೊಡ್ತೀವ್ರಿ" ಅಂದದ್ದು ಗೌಸಿಯಾ.

ಮಷಿನ್ನನ್ನು ಹಿತ್ತಲ ತಗಡಿನ ಕೆಳಗೆ ಇಡಿಸಿದ್ದಾಳೆ. ನನ್ನನ್ನು ಮುಂದಿನ ಕಟ್ಟೆಯ ಮೇಲೆ ದಬ್ಬಳ ದಾರ ಕೊಟ್ಟು ಕೂರಿಸಿದಳು, ಮಧ್ಯೆ ಎರಡು ಬಾಗಿಲು ಹಾಕಿ. ತಲೆಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತಾನು ಹಿಂಜಲು ನಿಂತಳು. ಸಾರಿನಲ್ಲಿ ಹತ್ತಿ ಬಿದ್ದರೆ ಬಟ್ಟಲು ಎತ್ತಿಡುತ್ತಿದ್ದವಳು. ಒಳಗಿಂದ ಮಷಿನ್ ಸದ್ದು ಬಂತು, ಎಂಟು ತಿಂಗಳ ಮೇಲೆ. ಕೈಯಲ್ಲಿದ್ದ ಹೊಲಿಗೆ ಸ್ವಲ್ಪ ಹೊತ್ತು ನಿಂತಿತು.

ಆಮೇಲೆ ಅವಳು ಹಿಂಜಿದ ಹತ್ತಿ ತಂದು ಹಾಕಿದಳು. ಮುಟ್ಟಿ ನೋಡಿದರೆ ಗಂಟು ಗಂಟು. ಬಿಸಿಲು ತೋರಿಸದೆ, ಮಳೆಗಾಲದ ಥಂಡಿ ಹತ್ತಿಯನ್ನು ಹಾಗೇ ಮಷಿನ್ನಿಗೆ ಕೊಟ್ಟಿದ್ದಾಳೆ. ನನ್ನ ಆಣೆ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಏನೇ ಇದು? ಹಾಸಿಗೇನಾ, ಜಲ್ಲಿಕಲ್ಲಾ? ಒದ್ದೆ ಹತ್ತಿ ಹಾಕಬಾರದು ಅಂತ ಕೂಸಿಗೂ ಗೊತ್ತೈತೆ. ಕೆರೆಬಿಳಚಿಯಾಗೆ ಅಡಿಕೆ ಒಣಗಿಸಿದೋಳಿಗೆ ಹತ್ತಿ ಒಣಗಿಸ್ಬೇಕು ಅಂತ ಗೊತ್ತಾಗಲ್ವಾ? ಮದುಮಗಳು ಇದರ ಮ್ಯಾಲೆ ಮಲಗಿದ್ರೆ ಬೆನ್ನು ಮುರ್ಕಂಡು ತವರಿಗೆ ಬರ್ತಾಳೆ. ನಮ್ಮತ್ತೆ ಹೆಸರು ತೆಗೆಯಾಕೆ ಹುಟ್ಟಿದೀಯಾ ನೀನು?"

ಹೇಳಿ ಮುಗಿಸಿದೆ. ಎದುರುಮನೆ ಬಾಗಿಲಲ್ಲಿ ಕರಿಯಕ್ಕ ನಿಂತಿದ್ದಳು, ಕೈಯಲ್ಲಿ ಹಾಲಿನ ಸೌಟು.

ಗೌಸಿಯಾ ಮೂಗಿನ ಬಟ್ಟೆ ಕೆಳಗಿಳಿಸಿ, ನನ್ನ ಎದೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು.

"ಮುಗೀತಾ ಅಕ್ಕ?"

"ಮುಗೀತು."

"ಕೆಮ್ಮು?"

"ಬರ್ಲಿಲ್ಲ."

"ಮತ್ತೆ ನಾನು ಮಾತಾಡಬಹುದಾ? ನಾನು ಎದುರಾಡಿದ್ರೆ ನೀನು ತಿರುಗಿ ಅಂತೀಯ, ಅಂದ್ರೆ ಕೆಮ್ಮು ಹತ್ತುತ್ತೆ ಅಂತ ನಾಲಿಗೆ ಕಚ್ಕಂಡಿದ್ದೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದಳು. ನವೆಂಬರಿನಿಂದ ನಾನು ಅಂದ ಒಂದು ಮಾತನ್ನೂ ಮರೆತಿಲ್ಲ. ಫೋಮಿನ ವಾಸನೆಯದು, ಬಾಣಂತಿ ಊಟದ್ದು, ಬಚ್ಚಲ ಒಲೆಯ ಮುಂದೆ ಅಂದದ್ದು, ಎಲ್ಲಕ್ಕೂ ಬೇರೆ ಬೇರೆ ಉತ್ತರ ಕೊಟ್ಟಳು. ನಮ್ಮತ್ತೆಯ ಹೊಲಿಗೆಯಲ್ಲೂ ಗಂಟಿರುತ್ತಿತ್ತು ಎಂದಳು. ಕರಿಯಕ್ಕನ ಮನೆಯ ಹಾಲು ಉಕ್ಕಿದ ವಾಸನೆ ಬೀದಿಗೆಲ್ಲ ಬಂತು.

ನಾಳೆ ಬಿಸಿಲು ಬಿದ್ದರೆ ಹತ್ತಿ ಒಣಹಾಕಿಸಬೇಕು. ಅತ್ತೆಯ ಹೊಲಿಗೆಯ ಬಗ್ಗೆ ಅವಳು ಅಂದದ್ದಕ್ಕೆ ಉತ್ತರ ಇದೆ ನನ್ನ ಹತ್ತಿರ. ಇಲ್ಲಿ ಬರೆಯುವುದಿಲ್ಲ. ಬಾಯಲ್ಲೇ ಹೇಳುತ್ತೇನೆ.